ನಳಿಕೆಯ ಬಾಯಿಗೆ ಬಿದ್ದ ಪೆಟ್ಟು

ನಮ್ಮ ಮನೆಯ .32 ರಿವಾಲ್ವರ್ ಕಾನ್ಪುರದ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಯಲ್ಲಿ ತಯಾರಾದದ್ದು. ಕಲಬುರಗಿಯಲ್ಲಿ ಹೊಲ ನೋಡಿಕೊಳ್ಳುತ್ತಿದ್ದ ತಂದೆಯವರು ತೀರಿಕೊಂಡ ಮೇಲೆ ವಾರಸುದಾರನಾಗಿ ಪರವಾನಗಿ ಪಡೆದು ಅದನ್ನು ಪುಣೆಗೆ ತಂದುಕೊಂಡಿದ್ದೇನೆ. ಕಳೆದ ಮಳೆಗಾಲದಲ್ಲಿ, ತೇವಕ್ಕೆ ತುಕ್ಕು ಹಿಡಿಯಬಾರದೆಂದು ಕಾಡತೂಸುಗಳನ್ನೆಲ್ಲ ತೆಗೆದಿರಿಸಿ ಎಣ್ಣೆ ಹಚ್ಚುತ್ತಿದ್ದಾಗ, ಅದು ನನ್ನ ಕೈಯಿಂದ ಜಾರಿ ನಳಿಕೆಯ ಬಾಯಿ ಕೆಳಗಾಗಿ ಶಹಾಬಾದ್ ಕಲ್ಲಿನ ನೆಲಕ್ಕೆ ಬಿದ್ದಿತು.

ಮೇಲುನೋಟಕ್ಕೆ ಬಾಯಿಯ ಅಂಚಿನಲ್ಲಿ ಎಳ್ಳುಕಾಳಿನಷ್ಟು ಚಪ್ಪಟೆಯಾದ ಗುರುತು ಮಾತ್ರ ಕಾಣುತ್ತಿತ್ತು. ಆದರೆ ಹತ್ತಿಯ ಚಿಕ್ಕ ಉಂಡೆಯೊಂದನ್ನು ಕಡ್ಡಿಗೆ ಸುತ್ತಿ, ಬಾಯಿಯ ಒಳಗಿನಿಂದ ಹೊರಕ್ಕೆ ಮೆಲ್ಲಗೆ ಎಳೆದಾಗ, ಪ್ರತಿ ಸಲವೂ ಒಂದೇ ಜಾಗದಲ್ಲಿ ಅದರ ಎಳೆ ಸಿಕ್ಕಿಕೊಳ್ಳುತ್ತಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಅಲ್ಲಿ ಲೋಹ ಒಳಮುಖವಾಗಿ ಕೂದಲೆಳೆಯಷ್ಟು ಮಡಚಿಕೊಂಡಿತ್ತು. ಗುಂಡು ನಳಿಕೆಯನ್ನು ಬಿಡುವ ಕ್ಷಣದಲ್ಲಿ ಅದರ ಹಿಂದಿನ ಅನಿಲ ಸುತ್ತಲೂ ಒಂದೇ ಸಮನಾಗಿ ಹೊರಬರಬೇಕು. ಅಂಚು ಒಂದು ಕಡೆ ಕೆಟ್ಟಿದ್ದರೆ ಅನಿಲ ಗುಂಡಿನ ಬುಡವನ್ನು ಓರೆಯಾಗಿ ತಳ್ಳಿ ಗುರಿ ತಪ್ಪಿಸುತ್ತದೆ. ಬಾಯಿಯ ಅಂಚನ್ನು ಕುಶಲಕರ್ಮಿಗಳು ಕ್ರೌನ್ ಎಂದು ಕರೆದು ಅಷ್ಟು ಜೋಪಾನ ಮಾಡುವುದು ಇದಕ್ಕಾಗಿಯೇ.

ನಮ್ಮದು ಮಧ್ಯದಲ್ಲಿ ಮಡಚಿಕೊಂಡು ತೆರೆಯುವ ಮಾದರಿಯಾದ್ದರಿಂದ ಹಿಂಬದಿಯಿಂದಲೇ ನಳಿಕೆಯೊಳಗೆ ನೋಡಲು ಸಾಧ್ಯವಾಯಿತು. ಎದುರಿಗೆ ಬಿಳಿ ಕಾಗದ ಹಿಡಿದು ಅದರ ಮೇಲೆ ಟಾರ್ಚ್ ಬೆಳಕು ಬಿಟ್ಟು, ಗುಂಡನ್ನು ತಿರುಗಿಸಿ ಕಳಿಸುವ ಒಳಗೋಡೆಯ ತಿರುಚಿದ ಗೀರುಗಳು ಎಲ್ಲಿಯೂ ಮುರಿಯದೆ ಸಾಗಿವೆಯೇ ಎಂದು ಪರೀಕ್ಷಿಸಿದೆ. ಒಳಗೆ ಉಬ್ಬಿದ್ದರೆ ಆ ಜಾಗದಲ್ಲಿ ಕಪ್ಪು ಬಳೆಯಂತಹ ನೆರಳು ಕಾಣುತ್ತದೆ, ಅದು ಇರಲಿಲ್ಲ. ನಳಿಕೆ ಮಡಚಿಕೊಳ್ಳುವ ತಿರುಗಣಿಯೂ ಅದನ್ನು ಮುಚ್ಚಿ ಹಿಡಿಯುವ ಮೇಲಿನ ಕೊಂಡಿಯೂ ಅಲುಗಾಡುತ್ತಿರಲಿಲ್ಲ.

ನಾನು 22 ವರ್ಷಗಳಿಂದ ಭೋಸರಿಯ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಲೇತ್ ನಡೆಸುತ್ತಿರುವವನು. ಇಂತಹ ಅಂಚನ್ನು ಸರಿಪಡಿಸುವುದು ನನ್ನ ಕೈಗೆ ಅರ್ಧ ಗಂಟೆಯ ಕೆಲಸವೆಂದು ಗೊತ್ತಿತ್ತು, ಸಣ್ಣ ಅರ ಮನೆಯಲ್ಲೇ ಇತ್ತು, ಮನಸ್ಸೂ ಎಳೆಯುತ್ತಿತ್ತು. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಸೆಕ್ಷನ್ ಪ್ರಕಾರ ಬಂದೂಕು ದುರಸ್ತಿಗೆ ಪ್ರತ್ಯೇಕ ಪರವಾನಗಿ ಬೇಕು, 6ನೆಯ ಸೆಕ್ಷನ್ ಪ್ರಕಾರ ಪರವಾನಗಿಯಿಲ್ಲದೆ ನಳಿಕೆಯನ್ನು ಗಿಡ್ಡಗೊಳಿಸುವಂತಿಲ್ಲ. ಇಟ್ಟುಕೊಳ್ಳುವ ಪರವಾನಗಿಗೂ ಉಜ್ಜಿ ಕೊರೆಯುವ ಪರವಾನಗಿಗೂ ಇರುವ ಈ ಅಂತರವನ್ನು ನಮ್ಮಂತಹ ಕಸುಬುದಾರರೇ ಬೇಗ ಮರೆಯುತ್ತೇವೆ. ಹಾಗಾಗಿ ನಾನು ಮಾಡಿದ್ದು ಅಳತೆಯ ಕೆಲಸ ಮಾತ್ರ: ವರ್ನಿಯರ್‌ನಿಂದ ನಳಿಕೆಯ ಉದ್ದ ಅಳೆದು ಬರೆದುಕೊಂಡೆ, ಗಾಯದ ಜಾಗದ ಚಿತ್ರ ತೆಗೆದಿಟ್ಟೆ, ದುರಸ್ತಿಯಾಗುವವರೆಗೆ ಒಂದು ಗುಂಡನ್ನೂ ಹಾರಿಸಬಾರದೆಂದು ತೀರ್ಮಾನಿಸಿದೆ.

ಬಳಿಕ ಖಾಲಿ ರಿವಾಲ್ವರನ್ನು ಬೀಗದ ಪೆಟ್ಟಿಗೆಯಲ್ಲಿಟ್ಟು, ಪರವಾನಗಿ ಪುಸ್ತಕದೊಂದಿಗೆ ಪುಣೆಯಲ್ಲೇ ದುರಸ್ತಿಯ ಪರವಾನಗಿ ಹೊಂದಿರುವ ಅಂಗಡಿಗೆ ಒಯ್ದೆ. ಕ್ರಮಸಂಖ್ಯೆ ನಮೂದಿಸಿದ ರಸೀದಿ ಕೈಗೆ ಬರುವವರೆಗೆ ಅಲ್ಲಿಂದ ಕದಲಲಿಲ್ಲ. ಅಲ್ಲಿನ ಹಿರಿಯ ಕಾರಿಗಾರರು ನನ್ನಂತೆಯೇ ಮೊದಲು ಹತ್ತಿಯನ್ನು ಎಳೆದು ನೋಡಿದರು; ಆಮೇಲೆ, "ಸಾಹೇಬ್ರೆ, ಇದಕ್ಕೆ ಅರ ಮುಟ್ಟಿಸದೆ ತಂದಿರಲ್ಲ, ಅದೇ ಒಳ್ಳೆಯದಾಯಿತು, ಅರದಿಂದ ಅಂಚು ಓರೆಯಾಗಿದ್ದರೆ ನನಗೆ ಇನ್ನೂ ಹೆಚ್ಚು ಲೋಹ ತೆಗೆಯಬೇಕಾಗುತ್ತಿತ್ತು" ಎಂದರು.

ಅವರು ನಳಿಕೆಯ ತುದಿಯನ್ನು ಕತ್ತರಿಸಲಿಲ್ಲ. ರಂಧ್ರದ ಒಳ ಅಂಚನ್ನು ಮಾತ್ರ ರಂಧ್ರಕ್ಕೆ ಸಮಕೇಂದ್ರವಾಗಿ ಸ್ವಲ್ಪ ಒಳಕ್ಕೆ ಇಳಿಸಿ, ಕೊನೆಯಲ್ಲಿ ದುಂಡುತಲೆಯ ಹಿತ್ತಾಳೆ ತುಂಡಿಗೆ ನಯವಾದ ಉಜ್ಜುಪುಡಿ ಹಚ್ಚಿ, ಕೋನವನ್ನು ಎಡೆಬಿಡದೆ ಬದಲಿಸುತ್ತ ಕೈಯಿಂದಲೇ ತಿರುಗಿಸಿದರು. ಕೋನ ಒಂದೇ ಕಡೆ ನಿಂತರೆ ಅಂಚು ಮತ್ತೆ ಸೊಟ್ಟಗಾಗುತ್ತದೆ. ಆ ಮಣಿಕಟ್ಟಿನ ಚಲನೆಯನ್ನು ನೋಡುತ್ತ ನಿಂತಾಗ, ಇದು ನನ್ನ ಅರ್ಧ ಗಂಟೆಯ ಕೆಲಸವಲ್ಲವೆಂದು ನನಗೆ ಮನದಟ್ಟಾಯಿತು. ಕೊನೆಗೆ ರಂಧ್ರದ ಸುತ್ತ ಎಲ್ಲ ಕಡೆಯೂ ಒಂದೇ ಅಗಲದ, ಹೊಳೆಯುವ ಸಣ್ಣ ಉಂಗುರ ಮೂಡಿತು, ಹತ್ತಿ ಎಲ್ಲಿಯೂ ಸಿಕ್ಕಲಿಲ್ಲ. ನಳಿಕೆಯ ಉದ್ದ ನಾನು ಬರೆದುಕೊಂಡಿದ್ದಷ್ಟೇ ಇತ್ತು.

ಹೊರ ಅಂಚಿನ ಚಪ್ಪಟೆ ಗುರುತು ಹಾಗೆಯೇ ಉಳಿದಿದೆ. ಅದು ಗುಂಡಿಗೆ ತಾಗುವ ಜಾಗವಲ್ಲವಾದ್ದರಿಂದ ಮುಟ್ಟುವುದು ಬೇಡವೆಂದೆ. ರಸೀದಿಯನ್ನೂ ಅಳತೆಯ ಚೀಟಿಯನ್ನೂ ಪರವಾನಗಿ ಪುಸ್ತಕದ ಜೊತೆಗೇ ಇಟ್ಟಿದ್ದೇನೆ. ಈಗ ಎಣ್ಣೆ ಹಚ್ಚುವಾಗ ಮೇಜಿನ ಮುಂದೆ ಕೂರದೆ, ನಾಲ್ಕು ಮಡಿಕೆಯ ಜಮಖಾನೆ ಹಾಸಿ ನೆಲದ ಮೇಲೆಯೇ ಕೂರುತ್ತೇನೆ. ಶುಚಿ ಮಾಡುವ ಕಡ್ಡಿಯನ್ನೂ ಬಾಯಿಯ ಕಡೆಯಿಂದ ತೂರಿಸದೆ ಹಿಂಬದಿಯಿಂದಲೇ ಹಾಕುತ್ತೇನೆ.