ಸೆಂಟ್ರಲ್ ಲೈನ್ ಹಾಕಿದ ಮೇಲೆ ಶುರುವಾಗುವ ಕೆಲಸ

ವಿಜಯಪುರದ ಒಂದು ಆಸ್ಪತ್ರೆಯ ಐಸಿಯುನಲ್ಲಿ ನಾನು ನರ್ಸ್. ಸೆಂಟ್ರಲ್ ಲೈನ್ ಅಂದರೆ ಔಷಧ ಕೊಡಲು ಕುತ್ತಿಗೆ, ಎದೆ ಅಥವಾ ತೊಡೆಯ ದೊಡ್ಡ ವೇನ್ (ಹೃದಯಕ್ಕೆ ರಕ್ತ ತರುವ ನಾಳ) ಒಳಗೆ ಹಾಕುವ ತೆಳು ಪೈಪ್. ಅದನ್ನು ಹಾಕುವುದು ಡಾಕ್ಟರ್ ಕೆಲಸ, ಬೇಗ ಮುಗಿಯುತ್ತದೆ. ಆಮೇಲೆ ಹಗಲು ರಾತ್ರಿ ಅದನ್ನು ಮುಟ್ಟುವವರು ನಾವು. ಹಾಗಾಗಿ ಅದನ್ನು ಕಾಯುವ ಕೆಲಸವೂ ನಮ್ಮದೇ ಅಂದುಕೊಂಡಿದ್ದೇನೆ.

ಹಾಕುವಾಗ ನನ್ನ ಕಣ್ಣು ಮಾನಿಟರ್ ಮೇಲೆ. ಪೈಪಿಗೆ ದಾರಿ ಮಾಡುವ ತೆಳು ತಂತಿ, ಗೈಡ್ ವೈರ್, ಜಾಸ್ತಿ ಒಳಗೆ ಹೋಗಿ ಹೃದಯಕ್ಕೆ ತಾಗಿದರೆ ಇಸಿಜಿಯಲ್ಲಿ ಬೀಟ್ ತಪ್ಪುತ್ತದೆ. "ಸರ್, ಎಕ್ಟೋಪಿಕ್ಸ್" ಅಂದರೆ ಸಾಕು, ವೈರ್ ಹಿಂದಕ್ಕೆ ಬರುತ್ತದೆ. ಕೊನೆಗೆ ಇಡೀ ವೈರ್ ಹೊರಗೆ ಬಂತಾ ಅಂತ ಕಣ್ಣಾರೆ ನೋಡಿದ ಮೇಲೆಯೇ ಟ್ರೇ ಎತ್ತುತ್ತೇನೆ. ಈಗ ಅಲ್ಟ್ರಾಸೌಂಡ್ ನೋಡಿಕೊಂಡು ಚುಚ್ಚುವುದರಿಂದ ಸೂಜಿ ತಪ್ಪಿ ಪಕ್ಕದ ಆರ್ಟರಿಗೆ (ಹೃದಯದಿಂದ ರಕ್ತ ಒಯ್ಯುವ ನಾಳಕ್ಕೆ) ಹೋಗುವುದು ಕಡಿಮೆಯಾಗಿದೆ. ಆದರೂ ಎಕ್ಸ್‌-ರೇ ಬೇಕು. ತುದಿ ಎಲ್ಲಿದೆ, ಶ್ವಾಸಕೋಶಕ್ಕೆ ತೂತು ಬಿದ್ದು ಎದೆಯಲ್ಲಿ ಗಾಳಿ ತುಂಬಿದೆಯಾ ಅಂತ ಅದರಲ್ಲಿ ಕಾಣುತ್ತದೆ. ಎಕ್ಸ್‌-ರೇ ಸರಿ ಇದ್ದರೂ ಮುಂದೆ ಕೆಲವು ಗಂಟೆ ಆಕ್ಸಿಜನ್ ಇಳಿದರೆ ಸುಮ್ನೆ ಕೂರಬಾರದು.

ನಮ್ಮೂರಿನ ದೊಡ್ಡ ತಲೆನೋವು ಬೇಸಿಗೆ. ಪಾರದರ್ಶಕ ಡ್ರೆಸ್ಸಿಂಗ್ 7 ದಿನಕ್ಕೊಮ್ಮೆ, ಗಾಜ್ ಬಟ್ಟೆಯದಾದರೆ 2 ದಿನಕ್ಕೊಮ್ಮೆ ಬದಲಿಸಬೇಕು ಅನ್ನುವುದು ನಿಯಮ. ಏಪ್ರಿಲ್ ಬಂತೆಂದರೆ ಕುತ್ತಿಗೆಯ ಬೆವರಿಗೆ ಅಂಚು ಎದ್ದುಬಿಡುತ್ತದೆ. ಅಂಚು ಎದ್ದರೆ, ಒದ್ದೆಯಾದರೆ ಅವತ್ತೇ ಬದಲಿಸುತ್ತೇವೆ. ತುಂಬ ಬೆವರುವವರಿಗೆ ಗಾಜ್ ವಾಸಿ. ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕ ದ್ರವ ಹಚ್ಚಿದ ಮೇಲೆ ತಾನಾಗಿ ಒಣಗಬೇಕು. ಊದುವುದು, ಬೀಸುವುದು, ಒರೆಸುವುದು ಬೇಡ. ಹೊಸಬರಿಗೆ ಈ ತಾಳ್ಮೆ ಕಲಿಸುವುದೇ ಕಷ್ಟ. ಜೊತೆಗೆ ಪೈಪಿನ ಮೇಲಿನ ಸೆಂಟಿಮೀಟರ್ ಗುರುತು ಬರೆದಿಡುತ್ತೇವೆ. ನಿನ್ನೆ ಚರ್ಮದ ಹತ್ತಿರ 14 ಇದ್ದದ್ದು ಇವತ್ತು 11 ಆಗಿದ್ದರೆ ಲೈನ್ ಹೊರಗೆ ಜಾರಿದೆ ಅಂತ ಅರ್ಥ. ಹೊರಗೆ ಬಂದದ್ದನ್ನು ಮತ್ತೆ ಒಳಗೆ ತಳ್ಳಲೇಬಾರದು, ಡಾಕ್ಟರಿಗೆ ಹೇಳಬೇಕು.

ಇನ್ನೊಂದು ವಿಭೂತಿ. ಸಿದ್ಧೇಶ್ವರ ಗುಡಿಯಿಂದ ತಂದು ಹಣೆಗೆ, ಕುತ್ತಿಗೆಗೆ, ಎದೆಗೆ ಹಚ್ಚುತ್ತಾರೆ. ಬೇಡ ಅಂದರೆ ಮನಸ್ಸು ನೋಯುತ್ತದೆ. "ಹಣೆಗೆ ಎಷ್ಟು ಬೇಕಾದರೂ ಹಚ್ಚಿ, ಕೊರಳಿಗೆ ಬೇಡ" ಅಂತೀನಿ. ಒಪ್ಪುತ್ತಾರೆ.

ಸೋಂಕು ಒಳಗೆ ನುಗ್ಗುವ ಒಂದು ಮುಖ್ಯ ಬಾಗಿಲು ಹಬ್, ಅಂದರೆ ಸಿರಿಂಜ್ ಜೋಡಿಸುವ ಬಾಯಿ. ಪ್ರತಿ ಸಲವೂ ಕೈ ತೊಳೆದು, ಆಲ್ಕೋಹಾಲ್ ಸ್ವ್ಯಾಬ್‌ನಿಂದ 15 ಸೆಕೆಂಡ್ ಉಜ್ಜಿ, ಒಣಗಲು ಬಿಟ್ಟೇ ಔಷಧ ಕೊಡುತ್ತೇನೆ. ರಾತ್ರಿ ಮೂರಕ್ಕೆ ಆ 15 ಸೆಕೆಂಡೂ ಉದ್ದ ಅನಿಸುತ್ತದೆ, ನಿಜ.

ಇಂಥದ್ದೇ ಲೈನ್ ಮೂಲಕ ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳಲ್ಲಿ ಸೋಂಕು ಬೇರೆ ಥರ ಕಾಣಿಸಿಕೊಳ್ಳುತ್ತದೆ. ಇಂಡಿ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ರೈತರೊಬ್ಬರಿಗೆ ಮನೆಯಲ್ಲಿ ಜ್ವರ ಇರಲಿಲ್ಲ. ಮಷಿನ್ ಶುರುವಾಗಿ ಸ್ವಲ್ಪ ಹೊತ್ತಿಗೆ "ಸಿಸ್ಟರ್, ಚಳಿ ಬರಾಕತ್ತೈತ್ರಿ, ಎಸಿ ಬಂದ್ ಮಾಡ್ರಿ" ಅಂದರು. ಪೈಪಿನ ಸುತ್ತ ಚರ್ಮ ಸ್ವಚ್ಛ, ಕೆಂಪಿಲ್ಲ, ಕೀವಿಲ್ಲ. ಇಲ್ಲೇ ಜನ ಮೋಸ ಹೋಗುವುದು. ಡಯಾಲಿಸಿಸ್ ನಡೆಯುವಾಗ ನಡುಕ ಬಂದರೆ ಮೊದಲು ಲೈನನ್ನೇ ಅನುಮಾನಿಸಬೇಕು. ಆ್ಯಂಟಿಬಯಾಟಿಕ್ ಕೊಡುವ ಮೊದಲೇ ಲೈನಿನಿಂದ ಒಂದು, ಕೈಯಿಂದ ಒಂದು, ಒಂದೇ ಹೊತ್ತಿಗೆ, ಒಂದೇ ಪ್ರಮಾಣದಲ್ಲಿ ರಕ್ತ ತೆಗೆದು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ, ಕಳಿಸಿದೆವು. ಲೈನಿನ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ಕೈಯದಕ್ಕಿಂತ ಕನಿಷ್ಠ 2 ಗಂಟೆ ಮೊದಲು ಕಾಣಿಸಿದರೆ ಮೂಲ ಲೈನೇ. ಅವರದ್ದೂ ಹಾಗೇ ಬಂತು. ಡಾಕ್ಟರ್ ಆ ಲೈನ್ ತೆಗೆಸಿದರು.

2006ರಲ್ಲಿ ಡಾಕ್ಟರ್ ಪೀಟರ್ ಪ್ರೊನೊವೊಸ್ಟ್ ತಂಡ ಅಮೆರಿಕದ ಮಿಷಿಗನ್‌ನ ನೂರಕ್ಕೂ ಹೆಚ್ಚು ಐಸಿಯುಗಳ ಅನುಭವ ಪ್ರಕಟಿಸಿತು. ಕೈ ತೊಳೆಯುವುದು, ಹಾಕುವಾಗ ಪೂರ್ತಿ ಗೌನ್-ಮಾಸ್ಕ್-ಹೊದಿಕೆ, ಕ್ಲೋರ್‌ಹೆಕ್ಸಿಡಿನ್, ಆದಷ್ಟು ತೊಡೆಯ ವೇನ್ ಬಿಡುವುದು, ಬೇಡದ ಲೈನ್ ತೆಗೆಯುವುದು, ಇಷ್ಟೇ. ಸೋಂಕು ಮೊದಲಿಗಿಂತ 66 ಪರ್ಸೆಂಟ್‌ವರೆಗೂ ಕಡಿಮೆಯಾಯಿತು. ಇದರಲ್ಲಿ ದುಡ್ಡಿನ ಮಾತೇನೂ ಇಲ್ಲ, ಅಲ್ವಾ?

ಆ ಪಟ್ಟಿಯ ಕೊನೆಯದು, ಬೇಡದ ಲೈನ್ ತೆಗೆಯುವುದು, ಅದನ್ನೇ ಎಲ್ಲರೂ ಮರೆಯುವುದು. ರಕ್ತ ತೆಗೆಯಲು ಅನುಕೂಲ ಅಂತ ಲೈನ್ ಉಳಿದುಬಿಡುತ್ತದೆ. ಅದಕ್ಕೇ ಬೆಳಗಿನ ರೌಂಡ್ಸ್‌ನಲ್ಲಿ "ಸರ್, ಇದು ಇವತ್ತು ಬೇಕಾ?" ಅಂತ ಕೇಳುತ್ತೇನೆ. ಬೇಡ ಅಂದರೆ ತಲೆ ತಗ್ಗಿಸಿ ಮಲಗಿಸಿ, ಉಸಿರು ಬಿಡಿಸಿ, ಆಗ ಎಳೆಯುತ್ತೇವೆ. ಕೂರಿಸಿ ತೆಗೆದರೆ ಗಾಳಿ ರಕ್ತನಾಳದೊಳಗೆ ಹೋಗುವ ಅಪಾಯ ಇದೆ. ರಕ್ತ ನಿಲ್ಲುವವರೆಗೆ ಒತ್ತಿ, ಗಾಳಿಯಾಡದ ಡ್ರೆಸ್ಸಿಂಗ್ ಹಾಕಿ, ಅರ್ಧ ಗಂಟೆ ಮಲಗಿರಲು ಹೇಳುತ್ತೇವೆ. ಪೈಪಿನ ತುದಿ ಪೂರ್ತಿ ಬಂದಿದೆಯಾ ನೋಡಿ, ಚಾರ್ಟಿನಲ್ಲಿ ಬರೆಯುತ್ತೇವೆ.