ಯಾವ ದೇವರಿಗೆ ಹೊಂಟೀರಿ ಅಕ್ಕೋರೆ?

ಮೂವತ್ತೆರಡು ವರ್ಷ ಮಕ್ಕಳಿಗೆ ಅಶೋಕನ ಪಾಠ ಮಾಡಿದೆ. ಕಳಿಂಗ ಯುದ್ಧ, ಧರ್ಮಚಕ್ರ, ಮಸ್ಕಿ ಶಾಸನ ಸಿಕ್ಕಿದ್ದು 1915ರಲ್ಲಿ, ಇದು ಪರೀಕ್ಷೆಗೆ ಬರ್ತದ, ಗೆರೆ ಹೊಡ್ಕೊಳ್ರಿ. ಆದರೆ ಅದೇ ಅಶೋಕನ ಶಾಸನ ಸಿಕ್ಕ ನಮ್ಮದೇ ಜಿಲ್ಲೆಯ ಸನ್ನತಿಗೆ ನಿವೃತ್ತಿಯಾಗುವ ತನಕ ಕಾಲಿಟ್ಟಿರಲಿಲ್ಲ. ಶಾಲೆ, ಮನೆ, ಹಾಸಿಗೆ ಹಿಡಿದ ಅತ್ತೆ, ಆಮೇಲೆ ಯಜಮಾನರ ಡಯಾಲಿಸಿಸ್. ಮಗ ಒಳ್ಳೆಯವನೇ. "ಸಂಡೇ ಕಾರ್ ತಗೊಂಡು ಎಲ್ಲಾರೂ ಹೋಗೋಣು ಮಮ್ಮಿ" ಅಂತ ಏಳು ವರ್ಷದಿಂದ ಹೇಳುತ್ತಿದ್ದ. ಆ ಸಂಡೇ ಬರಲೇ ಇಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ನನಗೆ ಪೆನ್ಶನ್ ಬರುತ್ತದೆ, ಬಸ್ಸಿನ ರೊಕ್ಕಕ್ಕೆ ಬಡತನ ಇರಲಿಲ್ಲ. ಆದರೂ ಸುಳ್ಳು ಯಾಕೆ, ಆ ಶೂನ್ಯ ಟಿಕೆಟ್ ನನ್ನ ಕಾಲಿನ ಹಗ್ಗ ಬಿಚ್ಚಿತು. ಹತ್ತು ರೂಪಾಯಿ ಖರ್ಚಾದರೂ "ಯಾಕ ಹೊಂಟಿ" ಅಂತ ಕೇಳುವ ಮನೆಯಲ್ಲಿ, ಖರ್ಚೇ ಇಲ್ಲದ ಮೇಲೆ ಕೇಳುವವರ ಬಾಯಿ ಅರ್ಧ ಮುಚ್ಚಿತು. ಉಳಿದರ್ಧ ಮುಚ್ಚಿಸಲಿಕ್ಕೆ ದೇವರನ್ನು ಮುಂದೆ ಮಾಡಿದೆ. ಸನ್ನತಿ ಚಂದ್ರಲಾಂಬಾ ದೇವಿಗೆ ಹರಕೆ ಅದ ಅಂದೆ. ಸೊಸೆ ತಕರಾರು ತೆಗೆಯಲಿಲ್ಲ, ಕುಂಕುಮ ತರಲು ಹೇಳಿದಳು. ಓಣಿಯ ಕಾಕು ತನ್ನ ಪರವಾಗಿ ಒಡೆಯಲು ಒಂದು ತೆಂಗಿನಕಾಯಿ ಕೊಟ್ಟು ಕಳಿಸಿದಳು. ನಮ್ಮ ಕಡೆ ಹೆಣ್ಣುಮಗಳು ಒಬ್ಬಳೇ ತಿರುಗಬೇಕಾದರೆ ಎರಡೇ ಕಾರಣ ನಡೆಯುತ್ತವೆ: ದವಾಖಾನೆ, ಇಲ್ಲವೇ ದೇವರು. ದವಾಖಾನೆ ಅಂದರೆ ಜೋಡಿ ಯಾರಾದರೂ ಬಂದೇ ಬರುತ್ತಾರೆ.

ಕಲಬುರಗಿಯಿಂದ ಚಿತ್ತಾಪುರಕ್ಕೊಂದು ಬಸ್ಸು, ಅಲ್ಲಿಂದ ನಾಲವಾರಕ್ಕೆ ಇನ್ನೊಂದು, ಮುಂದೆ ಸುಮಾರು 20 ಕಿ.ಮೀ. ಟಂಟಂ, ಅಂದರೆ ಮಂದಿ ತುಂಬಿಕೊಂಡು ಓಡುವ ಮೂರು ಗಾಲಿಯ ಆಟೋ. ಟಂಟಂನಲ್ಲಿ ನನ್ನ ತೊಡೆಯ ಮೇಲೆ ಯಾರದೋ ಮೊಮ್ಮಗು, ಕಾಲಡಿ ಯೂರಿಯಾ ಚೀಲ. ಎದುರಿಗೆ ಕೂತ ಮುದುಕಿ ಮೊದಲು ಕೇಳಿದ್ದೇ "ಜೋಡಿ ಯಾರ್ ಬಂದಾರ?" ಯಾರೂ ಇಲ್ಲ ಅಂದೆ. ಆಕೆ ಟಂಟಂನ ಒಳಗೆ, ಹೊರಗೆ, ಹಿಂದೆ ಎಲ್ಲ ಕಡೆ ಕಣ್ಣಾಡಿಸಿ ಮತ್ತೆ ಅದನ್ನೇ ಕೇಳಿದಳು.

1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಆಗ ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರ ಕಂಡವು. ಅಶೋಕನ ಶಾಸನ. ದೇವಿಯನ್ನು ನಿಲ್ಲಿಸಲು ಕಲ್ಲಿನ ನಡುವೆ ತೂತು ಕೊರೆದಿದ್ದರು. ಯಾರ ಮೇಲೂ ಸಿಟ್ಟು ಮಾಡುವ ಹಾಗಿಲ್ಲ. ಓದಲು ಬರದ ಅಕ್ಷರ ಎಲ್ಲರಿಗೂ ಬರೀ ಕಲ್ಲೇ. ಅಲ್ಲಿಂದ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ನಡೆದೇ ಹೋದೆ. ಜುಲೈ ತಿಂಗಳು, ಹಿಂದಿನ ರಾತ್ರಿ ಮಳೆಯಾಗಿತ್ತು. ಎರೆ ಮಣ್ಣು ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಾಗಿಲ್ಲ. ಹತ್ತು ಹೆಜ್ಜೆಗೆ ಒಂದೊಂದು ಚಪ್ಪಲಿ ಒಂದೊಂದು ಸೇರು ತೂಗತೊಡಗಿತು, ಇಪ್ಪತ್ತನೆಯ ಹೆಜ್ಜೆಗೆ ಎಡಗಾಲಿನ ಉಂಗುಷ್ಠ ಕಿತ್ತಿತು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಮೊಣಕಾಲಿಗೆ ಎತ್ತಿ ಸಿಗಿಸಿ ಹೋದೆ. ಪಾಠ ಹೇಳಿದ ಮಕ್ಕಳು ಯಾರಾದರೂ ನೋಡಿದ್ದರೆ ಏನನ್ನುತ್ತಿದ್ದರೋ.

ಅಲ್ಲಿ ರಾಜ ನಿಂತಿದ್ದಾನೆ. ಪಕ್ಕದಲ್ಲಿ ರಾಣಿ, ಕೊಡೆ ಹಿಡಿದವರು, ಚಾಮರ ಬೀಸುವವರು. ಮೇಲೆ ಬ್ರಾಹ್ಮಿಯಲ್ಲಿ "ರಾಯ ಅಸೋಕೋ". ನಿಂತ ಕೋಲಿನಂಥ ರ, ಲಂಗರದಂಥ ಯ. ಪಠ್ಯಪುಸ್ತಕದ ಕೊನೆಯ ಪುಟದ ಅಕ್ಷರಮಾಲೆಯಲ್ಲಿ ಕಲಿತಿದ್ದನ್ನು ಬೆರಳು ತಾಗಿಸದೆ ಗಾಳಿಯಲ್ಲೇ ಬರೆದು ಬರೆದು ಓದಿದೆ. ಹೆಸರಿನ ಜೊತೆಗೇ ಇರುವ ಅವನ ಶಿಲ್ಪ ಅದು. ಮೂವತ್ತೆರಡು ಬ್ಯಾಚಿನ ಮಕ್ಕಳಿಗೆ ಅವನ ಮುಖ ನಾನು ಕಪ್ಪು ಹಲಗೆಯ ಮೇಲೆ ಹೆಂಗೆ ಬಂತೋ ಹಂಗೆ ಬರೆದು ತೋರಿಸಿದ್ದೆ. ಅಲ್ಲೇ ಒಂದು ಗಂಟೆ ಕೂತೆ. ಆ ಒಂದು ಗಂಟೆಯೇ ನನಗೆ ಮುಳುವಾಯಿತು.

ಸಂಜೆ ಟಂಟಂ ಇಲ್ಲ. ಮಂದಿ ತುಂಬಿದರೆ ಮಾತ್ರ ಬಿಡುತ್ತಾರೆ, ಮಂದಿ ಇರಲಿಲ್ಲ. ಗುಡಿ ಮುಂದೆ ಕಾಯಿ-ಕರ್ಪೂರ ಮಾರುವ ಹೆಣ್ಣುಮಗಳು ನನ್ನನ್ನು ತನ್ನ ಗೋಣಿಚೀಲದ ಮೇಲೆ ಕೂಡಿಸಿಕೊಂಡು, ಕೆಲಸ ಮಾಡುತ್ತಲೇ ನನ್ನ ಜಾತಕವನ್ನೆಲ್ಲ ತೆಗೆದಳು. "ಏನ್ ಹರಕಿ ರೀ?" ಅಂತ ಕೇಳಿದಾಗ ಬಾಯಿಗೆ ಬಂದಿದ್ದು ಮೊಣಕಾಲು. ಮೊಣಕಾಲ್ ನೋವಿಗೆ ಬೇಡ್ಕೊಂಡೀನಿ ಅಂದೆ. ಆಕೆ ನನ್ನ ಕೆಸರು ಮೆತ್ತಿದ ಕಾಲು ನೋಡಿ ನಂಬಿದಳು. ಕೊನೆಗೆ ಸೊಲ್ಲಾಪುರದ ಕಡೆಯಿಂದ ಕುಲದೇವತೆಗೆ ಬಂದಿದ್ದ ಒಂದು ಕುಟುಂಬದ ಕ್ರೂಸರ್‌ಗೆ ನನ್ನನ್ನು ಆಕೆಯೇ ಹತ್ತಿಸಿದಳು. "ನಮ್ಮ ಅಕ್ಕೋರು ಅದಾರ, ವಾಡಿಗೆ ಬಿಡ್ರಿ" ಅಂದಳು, ನಾನು ಆಕೆಗೆ ಪರಿಚಯವಾಗಿ ಎರಡು ತಾಸೂ ಆಗಿರಲಿಲ್ಲ. ವಾಡಿಯಿಂದ ರೈಲು ಹಿಡಿದು ಮನೆ ಸೇರುವಾಗ ರಾತ್ರಿ ಹತ್ತೂವರೆ. ಮಗ ಸ್ಟೇಷನ್ನಿಗೆ ಬಂದಿದ್ದ. ದಾರಿಯುದ್ದಕ್ಕೂ ಒಂದು ಮಾತಾಡಲಿಲ್ಲ, ಅದೇ ಬೈಗುಳ.

ಅಂದಿನಿಂದ ಒಂದು ರೂಢಿ ಹಾಕಿಕೊಂಡೆ. ಊರಲ್ಲಿ ಇಳಿದ ಕೂಡಲೇ ನೋಡಲು ಹೋಗುವುದಿಲ್ಲ, ಮೊದಲು ವಾಪಸ್ ಗಾಡಿ ಯಾವುದು ಅಂತ ಕೇಳುತ್ತೇನೆ. ಅದೂ ಒಬ್ಬರನ್ನಲ್ಲ, ಮೂವರನ್ನು: ಕಂಡಕ್ಟರ್, ಚಹಾದಂಗಡಿಯವ, ಮತ್ತೆ ದಿನಾ ಓಡಾಡುವ ಕಾಲೇಜು ಹುಡುಗಿ. ಮೂವರಲ್ಲಿ ಹುಡುಗಿ ಹೇಳಿದ್ದೇ ಬಹಳ ಸಲ ಖರೆ ಆಗಿದೆ. ಕೊನೆಯ ಬಸ್ಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದಕ್ಕಿಂತ ಹಿಂದಿನದೇ ನನ್ನ ಬಸ್ಸು. ವಸ್ತಿ ಬಸ್ಸು ಯಾವ ಹಳ್ಳಿಗೆ ಬಂದು ರಾತ್ರಿ ನಿಲ್ಲುತ್ತದೆ ಅನ್ನುವುದೂ ಗೊತ್ತಿರಬೇಕು. ಬೆಳಿಗ್ಗೆ ಆ ಊರಿಂದ ಮೊದಲು ಹೊರಡುವ ಗಾಡಿ ಅದೇ. ಬಸ್ ಹತ್ತಿದ ಕೂಡಲೇ ಶೂನ್ಯ ಟಿಕೆಟಿನ ಫೋಟೋ ತೆಗೆದು ಪುಣೆಯ ಮಗಳಿಗೆ ವಾಟ್ಸಾಪ್ ಮಾಡುತ್ತೇನೆ. ಎಲ್ಲಿ ಹತ್ತಿದೆ, ಎಲ್ಲಿಗೆ ಹೊರಟೆ, ಎಷ್ಟು ಗಂಟೆಗೆ, ಎಲ್ಲ ಅದರಲ್ಲೇ ಇರುತ್ತದೆ. ಆಕೆ ಒಂದು ಹೆಬ್ಬೆರಳು ಕಳಿಸುತ್ತಾಳೆ. ಫೋನು ಮಾಡಿ "ಎಲ್ಲಿದೀ" ಅಂತ ಕೂಗುವುದಕ್ಕಿಂತ ಇದು ಇಬ್ಬರಿಗೂ ಹಿತ.

ಬೀದರ್‌ಗೆ ಹೋದದ್ದು ಅದೇ ಚಳಿಗಾಲ, ಡಿಸೆಂಬರ್. ಅಷ್ಟೊತ್ತಿಗೆ ನವೆಂಬರಿನ ಜೀವಂತ ಪ್ರಮಾಣ ಪತ್ರ ಕೊಟ್ಟು ಮುಗಿದಿತ್ತು. ಬದುಕಿದ್ದೇನೆ ಅಂತ ಸರ್ಕಾರಕ್ಕೆ ಖಾತ್ರಿ ಮಾಡಿಕೊಟ್ಟ ಮೇಲೆ ತಿರುಗಾಟಕ್ಕೆ ಅಡ್ಡಿ ಇಲ್ಲ. 2017ರಲ್ಲಿ ಶುರುವಾದ ಕಲಬುರಗಿ–ಬೀದರ್ ರೈಲು ದಾರಿ ನೋಡಬೇಕಿತ್ತು, ಅದಕ್ಕೇ ಬಸ್ಸು ಬಿಟ್ಟು ಟಿಕೆಟ್ ತೆಗೆಸಿ ರೈಲಿಗೇ ಹೋದೆ. ಮರಗುತ್ತಿ ಸುರಂಗ ಬಂದಾಗ ಬೋಗಿಯ ಹುಡುಗರೆಲ್ಲ "ಹೋ" ಅಂತ ಕೂಗಿದರು, ನಾನೂ ಕೂಗಿದೆ. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಮೊದಲ ಬಾರಿಗೆ ಹೊರಗೆ ರಾತ್ರಿ ಉಳಿಯುವುದಿತ್ತು. ಒಂದು ಲಾಡ್ಜಿಗೆ ಹೋದೆ. ಕೌಂಟರಿನ ಹುಡುಗ ಆಧಾರ್ ನೋಡಿದ, ನನ್ನ ಹಿಂದೆ ನೋಡಿದ. "ಒಬ್ಬ ಲೇಡೀಸ್‌ಗೆ ರೂಮ್ ಕೊಡಂಗಿಲ್ರಿ ಆಂಟಿ." ಯಾಕಪ್ಪಾ ಅಂದೆ. "ರೂಲ್ಸ್ ಅದಾವ್ರಿ." ಯಾರ ರೂಲ್ಸು, ತೋರಿಸು ಅಂದೆ, ತಲೆ ಕೆರೆದುಕೊಂಡ. ಅರವತ್ತೊಂದು ವರ್ಷದ ನನ್ನಿಂದ ಆ ಲಾಡ್ಜಿನ ಮಾನಕ್ಕೆ ಏನು ಧಕ್ಕೆ ಬರುತ್ತಿತ್ತೋ ಇವತ್ತಿಗೂ ತಿಳಿದಿಲ್ಲ. ಜಗಳ ಮಾಡಬಹುದಿತ್ತು, ಆದರೆ ಕತ್ತಲಾಗುತ್ತಿತ್ತು. ಬೇಡ ಅಂದ ಜಾಗದಲ್ಲಿ ಹಟ ಹಿಡಿದು ರೂಮು ಪಡೆದರೆ ರಾತ್ರಿಯಿಡೀ ಚಿಲಕ ನೋಡುತ್ತಾ ಕೂಡಬೇಕಾಗುತ್ತದೆ. ಆಟೋದವನಿಗೆ ಗುರುದ್ವಾರ ಅಂದೆ.

ನಾನಕ್ ಝೀರಾ ಸಾಹೇಬ್ ಗುರುದ್ವಾರದಲ್ಲಿ ತಲೆಯ ಮೇಲೆ ಸೆರಗು ಹೊದ್ದು ಒಳಗೆ ಹೋದೆ. ಇಳಿದುಕೊಳ್ಳಲು ಜಾಗ ಕೇಳಿದ್ದಕ್ಕೆ ಒಬ್ಬ ಸರ್ದಾರ್ಜಿ ಕೈ ತೋರಿಸಿ "ಸರಾಯ್ ಉಧರ್ ಹೈ ಮಾತಾಜಿ" ಅಂದರು. ಒಂದು ಕ್ಷಣ ಎದೆ ಧಸಕ್ ಅಂತು. ನಮ್ಮಲ್ಲಿ ಸಾರಾಯಿ ಅಂದರೆ ಬೇರೆಯೇ ಅಲ್ಲವೇ! ಅವರಲ್ಲಿ ಛತ್ರಕ್ಕೆ ಸರಾಯ್ ಅನ್ನುತ್ತಾರೆ. ಆಧಾರ್ ಬರೆದುಕೊಂಡರು, ಕೋಣೆ ಕೊಟ್ಟರು. ಜೋಡಿ ಯಾರು ಅಂತ ಕೇಳಲಿಲ್ಲ. ಬರೀ ಉಂಡು ಮಲಗಲು ನಾಚಿಕೆಯಾಗಿ ಬಂದವರಿಗೆಲ್ಲ ಊಟ ಹಾಕುವ ಲಂಗರಿನ ಅಡುಗೆಮನೆಯಲ್ಲಿ ಲಟ್ಟಣಿಗೆ ಹಿಡಿದೆ. ನಾನು ಜೋಳದ ರೊಟ್ಟಿ ಬಡಿದವಳು, ಗೋಧಿ ಹಿಟ್ಟಿಗೂ ಅದೇ ಕೈ ಹೋಗುತ್ತಿತ್ತು. ಪಂಜಾಬಿನಿಂದ ಬಂದಿದ್ದ ಹೆಂಗಸೊಬ್ಬಳು ನನ್ನ ಅಂಗೈ ಏಟಿನ ಸಪ್ಪಳಕ್ಕೆ ನಕ್ಕು, "ಫಿರ್ ಸೇ" ಅಂತ ಮತ್ತೆ ಮತ್ತೆ ಬಡಿಸಿದಳು. ಗುರು ಗೋಬಿಂದ ಸಿಂಗರ ಐವರು ಪ್ಯಾರೇಗಳಲ್ಲಿ, ಅಂದರೆ ಮೆಚ್ಚಿನ ಶಿಷ್ಯರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು ಅಂತ ನಾನು ಹೇಳಿದಾಗ ಆಕೆ "ಅದಕ್ಕೇ ಬಂದೀವಿ" ಅಂದಳು. ಹೇಳಿಕೊಡಲು ಹೋದ ಟೀಚರಿಗೆ ತಕ್ಕ ಶಾಸ್ತಿ.

ಮರುದಿನ ನರಸಿಂಹ ಝರಣಿ. ಗುಡ್ಡದೊಳಗೆ ಸುಮಾರು 300 ಮೀಟರ್ ಸುರಂಗ, ಉದ್ದಕ್ಕೂ ನೀರು, ತುದಿಯಲ್ಲಿ ನರಸಿಂಹ. ಸೀರೆಯಲ್ಲಿ ಆಗದ ಮಾತು ಅಂತ ಸೊಸೆಯ ಹಳೆಯ ಚೂಡಿದಾರ್ ತಂದಿದ್ದೆ. ಅರವತ್ತೊಂದು ವರ್ಷದಲ್ಲಿ ಮೊದಲ ಸಲ ಹಾಕಿದ್ದು. ಮೆಟ್ಟಿಲಿಳಿದ ಕೂಡಲೇ ನೀರು ಸೊಂಟಕ್ಕೆ, ಸ್ವಲ್ಪ ಮುಂದೆ ಎದೆಗೆ. ನಾನು ಐದಡಿಗೂ ಕಡಿಮೆ, ಕೆಲವು ಕಡೆ ಭುಜಕ್ಕೇ ಬಂತು. ಅಷ್ಟು ನೀರಿನಲ್ಲಿ ಪಾದ ಎತ್ತಿಡಬಾರದು, ನೆಲಕ್ಕೆ ಸವರುತ್ತಾ ಹೋಗಬೇಕು. ಎತ್ತಿದರೆ ನೀರು ನಮ್ಮನ್ನೇ ಎತ್ತುತ್ತದೆ. ಮೇಲೆ ಬಾವಲಿಗಳು. ಮುಂದೆ ಒಬ್ಬ ತಂದೆ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡಿದ್ದ, ಆ ಕೂಸಿಗೆ ನಗು, ನನಗೆ ನಡುಕ. ತುದಿಯಲ್ಲಿ ಏಳೆಂಟು ಮಂದಿ ಮಾತ್ರ ನಿಲ್ಲುವಷ್ಟು ಜಾಗ, ಉಳಿದವರು ನೀರಲ್ಲೇ ಪಾಳಿ ಕಾಯಬೇಕು. ಅಲ್ಲಿ ಗಾಳಿ ಮಂದ, ಮಂದಿ ಬಹಳ. ಎದೆ ಡವಡವ ಅಂದಾಗ ವಾಪಸ್ ಹೋಗೋಣ ಅಂದುಕೊಂಡೆ. ಪಕ್ಕದ ಹುಡುಗಿ ನನ್ನ ಮೊಣಕೈ ಹಿಡಿದು, "ಆಯಿ, ಮ್ಯಾಲ್ ನೋಡಬ್ಯಾಡ್ರಿ, ನನ್ ಜಡಿ ನೋಡ್ರಿ" ಅಂದಳು. ಆ ಕೆಂಪು ರಿಬ್ಬನ್ ನೋಡುತ್ತಾ ನೋಡುತ್ತಾ ದೇವರ ಮುಂದೆ ಹೋಗಿ ನಿಂತಿದ್ದೆ. ಬಿ.ಪಿ., ದಮ್ಮು ಇದ್ದವರಿಗೆ ಇದು ಬೇಡ ಅಂತಲೇ ಹೇಳುತ್ತೇನೆ. ನನಗೆ ಬಿ.ಪಿ. ಇದೆ. ಹೊರಗೆ ಬಂದು ಮಾತ್ರೆ ನುಂಗಿ, ಬಿಸಿ ಬಿಸಿ ಮಿರ್ಚಿ ಭಜಿ ತಿಂದೆ, ಎರಡೂ ಒಟ್ಟಿಗೆ ಕೂಡುವುದಿಲ್ಲ ಅಂತ ಗೊತ್ತಿದ್ದೂ.

ಈಗ ಯಾರೂ ಬರೆಯದ ವಿಷಯಕ್ಕೆ ಬರುತ್ತೇನೆ. ಒಂದಕ್ಕೆ ಹೋಗುವುದು. ಮೊದಲ ಆರು ತಿಂಗಳು ನಾನು ಮಾಡಿದ ತಪ್ಪು ಎಲ್ಲ ಹೆಂಗಸರೂ ಮಾಡುವುದೇ: ನೀರು ಕುಡಿಯಲಿಲ್ಲ. ನಮ್ಮ ಬಿಸಿಲಿನಲ್ಲಿ ದಿನಕ್ಕೆ ಒಂದು ಲೋಟ ನೀರಿನ ಮೇಲೆ ತಿರುಗಿ ಉರಿಮೂತ್ರ ಹಚ್ಚಿಕೊಂಡೆ, ಚಳಿ ಜ್ವರ ಬಂದು ಹತ್ತು ದಿನ ಮಲಗಿದೆ. ಡಾಕ್ಟರಮ್ಮ ನನಗಿಂತ ಸಣ್ಣಾಕೆ, ಮಕ್ಕಳಿಗೆ ಬೈದ ಹಾಗೆ ಬೈದಳು. ಈಗ ತಾಸಿಗೊಮ್ಮೆ ಕುಡಿಯುತ್ತೇನೆ, ಜಾಗ ಹುಡುಕುತ್ತೇನೆ. ದೊಡ್ಡ ಬಸ್ ಸ್ಟ್ಯಾಂಡು, ಪೆಟ್ರೋಲ್ ಬಂಕು. ಎರಡೂ ಇಲ್ಲದ ಹಳ್ಳಿಯಲ್ಲಿ ಸಂಕೋಚ ಬಿಟ್ಟು ಹೆಂಗಸರು ಹೊರಗೆ ಕೂತ ಮನೆಗೆ ಹೋಗಿ "ಯವ್ವಾ, ಒಂದಕ್ ಹೋಗ್ಬೇಕಾಗ್ಯಾದ" ಅನ್ನುತ್ತೇನೆ. ಇಲ್ಲಿಯ ತನಕ ಯಾರೂ ಇಲ್ಲ ಅಂದಿಲ್ಲ. ಎರಡು ಮನೆಯಲ್ಲಿ ಊಟಕ್ಕೂ ಕೂಡಿಸಿದರು. ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ.

ಚೀಲ ಒಂದೇ, ಬೆನ್ನಿಗೆ ಹಾಕುವುದು. ಎರಡು ಜೊತೆ ಬಟ್ಟೆ, ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಟರಿ, ಒಳಲಂಗದ ಕಿಸೆಯಲ್ಲಿ ಐನೂರರ ನಾಲ್ಕು ನೋಟು. ಶೂ ಹಾಕುತ್ತೇನೆ, ಸೀರೆಯ ಮೇಲೂ. ಏಪ್ರಿಲ್, ಮೇ ಮನೆ ಬಿಡುವುದಿಲ್ಲ. ಮಳೆಗಾಲದಲ್ಲಿ ಮಹಾರಾಷ್ಟ್ರದ ಕಡೆಯಿಂದ ಭೀಮೆಗೆ ನೀರು ಬಿಟ್ಟ ಸುದ್ದಿ ಇದ್ದರೆ ಗಾಣಗಾಪುರದ ಕಡೆ ತಲೆ ಹಾಕುವುದಿಲ್ಲ.

ಕಾಡಿಗೆ ಮಾತ್ರ ಒಬ್ಬಳೇ ಹೋಗುವುದಿಲ್ಲ. ಚಿಂಚೋಳಿಯ ಚಂದ್ರಂಪಳ್ಳಿ ಕೆರೆಯ ದಂಡೆಯಲ್ಲಿ ನಿಂತಾಗ ಇನ್ನೂ ಒಳಗೆ ಹೋಗುವ ಆಸೆ ಬಹಳ ಇತ್ತು. ಬಯಲು ಸೀಮೆಯ ನಮಗೆ ಅಷ್ಟು ಹಸಿರು ಕಂಡರೆ ಹುಚ್ಚು ಹಿಡಿಯುತ್ತದೆ. ಅರಣ್ಯ ಇಲಾಖೆಯ ಕಾವಲುಗಾರ ಬೇಡ ಅಂದ, ಮರು ಮಾತಿಲ್ಲದೆ ಹಿಂದಿರುಗಿದೆ. ಎತ್ತಿಪೋತ ಜಲಪಾತಕ್ಕೆ ಹತ್ತಿರದ ತಾಂಡಾದ ಇಬ್ಬರು ಹೆಣ್ಣುಮಕ್ಕಳ ಜೊತೆ ಹೋದೆ, ಅವರು ಕಟ್ಟಿಗೆ ತರಲು ಹೊರಟಿದ್ದರು. ಬರುವಾಗ ಅವರ ತಲೆಯ ಮೇಲೆ ಹೊರೆ, ನನ್ನ ಕೈಯಲ್ಲಿ ನೀರಿನ ಬಾಟ್ಲಿ, ಆದರೂ ಏದುಸಿರು ಬಿಡುತ್ತಿದ್ದವಳು ನಾನೇ.

ಹರಕೆಯ ಸುಳ್ಳು ಎಲ್ಲಿ ಬಿಟ್ಟೆ ಅಂತ ಸರಿಯಾಗಿ ನೆನಪಿದೆ. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ. ಅಲ್ಲಿಯ ಗುಡಿಯ ಹೊರಗೋಡೆಯಲ್ಲಿ ಒಬ್ಬಳು ಹೆಣ್ಣುಮಗಳು ಬೆನ್ನು ತಿರುಗಿಸಿ ನಿಂತು ಕಲ್ಲಿನ ಮೇಲೆ ಬರೆಯುತ್ತಿದ್ದಾಳೆ. ಆಕೆ ಬರೆಯುತ್ತಿರುವುದು ಆರನೇ ವಿಕ್ರಮಾದಿತ್ಯನ ಹೊಗಳಿಕೆ. ಅದಕ್ಕೆ ನನಗೆ ಬೇಜಾರಿದೆ, ಆದರೆ ಆ ನಿಲುವಿಗೆ ಇಲ್ಲ. ಹಿಂದೆ ಯಾರು ಬಂದಾರ, ಯಾರು ನೋಡಲತಾರ ಅನ್ನುವ ಖಬರೇ ಇಲ್ಲ ಆಕೆಗೆ. ಅಲ್ಲಿ ದನ ಕಾಯುವ ಅಜ್ಜ "ಯಾವ್ ದೇವ್ರಿಗ್ ಬಂದೀರಿ?" ಅಂದಾಗ "ಈಕಿನ್ ನೋಡ್ಲಕ್ ಬಂದೀನಿ" ಅಂದೆ. "ಇಷ್ಟೇ?" ಅಂದ. "ಇಷ್ಟೇ." ಬೀಡಿ ಹಚ್ಚಿಕೊಂಡು ಅವನೂ ಸ್ವಲ್ಪ ಹೊತ್ತು ನೋಡಿದ.

ಅಲ್ಲಿಂದ ಇಲ್ಲಿಗೆ ಮನೆಯಲ್ಲೂ ನೇರ ಹೇಳಿಯೇ ಹೊರಡುತ್ತೇನೆ. ನೋಡ್ಲಕ್ ಹೊಂಟೀನಿ ಅಂತ. ಮಗ ಈಗ ಪವರ್ ಬ್ಯಾಂಕ್ ಕೊಡಿಸಿದ್ದಾನೆ, ಅದೇ ಅವನ ಒಪ್ಪಿಗೆ. ಹೋದ ವರ್ಷ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದು ದಿಲ್ಲಿಗೂ ಹೋಗಿ ಬಂದೆ. ಹಿರಿಯರ ರಿಯಾಯಿತಿ 2020ರ ಮಾರ್ಚಿನಲ್ಲೇ ನಿಂತಿದ್ದರಿಂದ ಪೂರ್ತಿ ಟಿಕೆಟ್ಟೇ. ಆದರೆ ಕೆಳಗಿನ ಬರ್ತಿನ ಕೋಟಾ ಇನ್ನೂ ಇದೆ. ಬುಕ್ ಮಾಡುವಾಗ ಅದನ್ನು ಆರಿಸುವುದು ಮರೆಯಬೇಡಿ, ನಾನು ಹೋಗುವಾಗ ಮರೆತು ಮಧ್ಯದ ಬರ್ತಿಗೆ ಹತ್ತಿ ಇಳಿದು ಸುಸ್ತಾದೆ.

ಈ ಜನವರಿಯಲ್ಲಿ ಮತ್ತೆ ಸನ್ನತಿಗೆ ಹೋದೆ. ಅಶೋಕನನ್ನು ಇನ್ನೊಮ್ಮೆ ನೋಡಬೇಕಿತ್ತು, ಒಣ ನೆಲದ ಮೇಲೆ ನಡೆದು. ಇಳಿದ ಕೂಡಲೇ ವಾಪಸ್ ಗಾಡಿ ಕೇಳಿದೆ. ಕಾಯಿ ಮಾರುವಾಕೆ ಅದೇ ಜಾಗದಲ್ಲಿ, ಅದೇ ಗೋಣಿಚೀಲದ ಮೇಲೆ ಕೂತಿದ್ದಳು. ದೂರದಿಂದಲೇ ಗುರುತು ಹಿಡಿದಳು. ಶೂ ಹಾಕಿದ ನನ್ನ ಕಾಲನ್ನು ಕೆಳಗಿಂದ ಮೇಲಕ್ಕೆ ನೋಡಿ,

"ಅಕ್ಕೋರೆ, ಹರಕಿ ತೀರ್ತೇನ್ರಿ?" ಅಂದಳು.

ಖರೆ ಹೇಳಬೇಕು ಅಂತಲೇ ಬಾಯಿ ತೆಗೆದೆ.

"ಇನ್ನಾ ಇಲ್ಲವ್ವ," ಅಂದೆ. "ಇನ್ನೊಂದ್ ನಾಕ್ ಸಲ ಬರ್ಬೇಕಾಗ್ತದ."

ಆಕೆ ಎರಡು ಕಾಯಿ ಬಡಿದು ನೋಡಿ, ಚಲೋದು ಆರಿಸಿ ಕೊಟ್ಟಳು.