ನೀಲಿ ಪಂಪ್ ಒಂದನ್ನೇ ನಂಬಿಕೊಂಡಿದ್ದೀರಾ? ಆಸ್ತಮಾದ ಹೊಸ ಔಷಧಿಗಳ ಬಗ್ಗೆ ಡಾಕ್ಟರ ಹತ್ತಿರ ಹೀಗೆ ಕೇಳಿ

ದಮ್ಮು ಹತ್ತಿದಾಗ ನೀಲಿ ಪಂಪ್ ಎರಡು ಸಲ ಒತ್ತಿಕೊಂಡು, ಉಸಿರು ಸರಿಹೋದ ಮೇಲೆ ಮರೆತುಬಿಡುವವರು ನಮ್ಮಲ್ಲಿ ತುಂಬಾ ಜನ. ನಮ್ಮಮ್ಮನೂ ವರ್ಷಗಟ್ಟಲೆ ಹಾಗೇ ಮಾಡಿದರು. ಅದರಲ್ಲಿರುವ ಸಾಲ್ಬ್ಯುಟಮಾಲ್ ಬಿಗಿದ ಉಸಿರಿನ ಕೊಳವೆಯನ್ನು ಸಡಿಲ ಮಾಡುತ್ತದೆ, ಅಷ್ಟೇ. ಒಳಗಿನ ಊತ ಹಾಗೇ ಇರುತ್ತದೆ. ಅದಕ್ಕೇ 2019ರಲ್ಲಿ ‘ಗಿನಾ’ ಎಂಬ ಜಾಗತಿಕ ಆಸ್ತಮಾ ಮಾರ್ಗಸೂಚಿ ತನ್ನ ಸಲಹೆ ಬದಲಿಸಿತು: 12 ವರ್ಷ ದಾಟಿದವರಿಗೆ ಬರೀ ಸಾಲ್ಬ್ಯುಟಮಾಲ್ ಸಾಲದು, ಎಳೆದುಕೊಳ್ಳುವ ಸ್ಟೀರಾಯ್ಡ್ ಕೂಡ ಬೇಕು.

ಹಾಗಾಗಿ ಮೊದಲು ಕೇಳಬೇಕಾದ್ದು, ‘ಬುಡೆಸೊನೈಡ್-ಫಾರ್ಮೋಟೆರಾಲ್ ಎರಡೂ ಇರುವ ಪಂಪ್ ನನಗೆ ಆಗುತ್ತಾ?’ ಅಂತ. ಬುಡೆಸೊನೈಡ್ ಊತ ಇಳಿಸುವ ಸ್ಟೀರಾಯ್ಡ್, ಫಾರ್ಮೋಟೆರಾಲ್ ಕೊಳವೆ ಸಡಿಲ ಮಾಡುವ ಔಷಧಿ. ಫಾರ್ಮೋಟೆರಾಲ್ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುವುದರಿಂದ, ಡಾಕ್ಟರ್ ಒಪ್ಪಿದರೆ ದಿನಾ ಬಳಸೋದಕ್ಕೂ ದಮ್ಮು ಬಂದಾಗಲೂ ಅದೊಂದೇ ಸಾಕಾಗಬಹುದು. ಸಾಲ್ಮೆಟೆರಾಲ್ ಇರುವ ಪಂಪ್‌ಗಳನ್ನು ಹೀಗೆ ಬಳಸಬೇಡಿ, ಅದು ನಿಧಾನ. ಸ್ಟೀರಾಯ್ಡ್ ಅಂದ ಕೂಡಲೇ ಹೆದರಬೇಡಿ. ಇದರ ಅಳತೆ ಮೈಕ್ರೋಗ್ರಾಂನಲ್ಲಿ, ಹೋಗೋದು ನೇರ ಶ್ವಾಸಕೋಶಕ್ಕೆ.

ಇನ್ನೂ ದೊಡ್ಡ ಔಷಧಿ ಕೇಳುವ ಮುಂಚೆ ಕನ್ನಡಿ ಮುಂದೆ ನಿಂತು ಪಂಪ್ ಒತ್ತಿ ನೋಡಿ. ಅಮ್ಮ ಒತ್ತಿದಾಗ ತುಟಿಯಂಚಿನಿಂದ ಬಿಳಿ ಹೊಗೆ ಹಾಗೇ ಹೊರಗೆ ಬರುತ್ತಿತ್ತು! ಔಷಧಿ ಒಳಗೇ ಹೋಗುತ್ತಿರಲಿಲ್ಲ. ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಒತ್ತುತ್ತಲೇ ನಿಧಾನವಾಗಿ ಎಳೆದು, ಹತ್ತು ಎಣಿಸುವ ತನಕ ಹಿಡಿದುಕೊಳ್ಳಿ. ಪಂಪ್‌ಗೆ ಸಿಕ್ಕಿಸಿಕೊಳ್ಳುವ ಸ್ಪೇಸರ್ ಎಂಬ ಕೊಳವೆ ಇದ್ದರೆ ತುಂಬಾ ಸುಲಭ. ಆಮೇಲೆ ಬಾಯಿ ಮುಕ್ಕಳಿಸಿ ಉಗಿಯಿರಿ, ಇಲ್ಲದಿದ್ದರೆ ಬಾಯಲ್ಲಿ ಫಂಗಸ್ ಆಗಬಹುದು.

ಇಷ್ಟು ಮಾಡಿಯೂ ಪದೇಪದೇ ಆಸ್ಪತ್ರೆ ಸೇರುವಂತಾದರೆ ಶ್ವಾಸಕೋಶ ತಜ್ಞರ ಹತ್ತಿರ ಬಯಾಲಾಜಿಕ್ ಇಂಜೆಕ್ಷನ್ (ಊತಕ್ಕೆ ಕಾರಣವಾಗುವ ಅಂಶವನ್ನೇ ಗುರಿಯಿಟ್ಟು ತಡೆಯುವ ಔಷಧಿ) ಬಗ್ಗೆ ಮಾತಾಡಿ. ರಕ್ತದಲ್ಲಿ ಇಯೊಸಿನೊಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಮತ್ತು ಐಜಿಇ (ಅಲರ್ಜಿಗೆ ಸಂಬಂಧಿಸಿದ ಪ್ರತಿಕಾಯ) ಎಷ್ಟಿದೆ ಅಂತ ನೋಡುತ್ತಾರೆ. ಅಲರ್ಜಿಯ ಐಜಿಇಯನ್ನು ಹಿಡಿಯೋದು ಒಮಾಲಿಜುಮ್ಯಾಬ್. ಇಯೊಸಿನೊಫಿಲ್ ಜಾಸ್ತಿ ಇದ್ದರೆ ಮೆಪೊಲಿಜುಮ್ಯಾಬ್ ಅಥವಾ ಬೆನ್ರಾಲಿಜುಮ್ಯಾಬ್. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟೆಜೆಪೆಲುಮ್ಯಾಬ್ ಊತ ಶುರುವಾಗುವ ಹಂತದಲ್ಲೇ ತಡೆಯುತ್ತದೆ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ, ಅದರಿಂದ ಇಯೊಸಿನೊಫಿಲ್ ಲೆಕ್ಕ ಕಡಿಮೆ ಬರುತ್ತದೆ. ಹಾಗಂತ ನೀವಾಗೇ ಮಾತ್ರೆ ನಿಲ್ಲಿಸಬೇಡಿ.

ಈ ಇಂಜೆಕ್ಷನ್‌ಗಳು ತುಂಬಾ ದುಬಾರಿ. ಗುಣ ಕಾಣುತ್ತದಾ ಅಂತ ತಿಳಿಯೋಕೇ ಕಡಿಮೆ ಅಂದರೂ ನಾಲ್ಕು ತಿಂಗಳು ಬೇಕು, ಅಷ್ಟರ ಖರ್ಚು ಮೊದಲೇ ಕೇಳಿಕೊಳ್ಳಿ. ಇಂಜೆಕ್ಷನ್ ಶುರುವಾದರೂ ಪಂಪ್ ಬಿಡಬೇಡಿ. ದಮ್ಮು ಹತ್ತಿ ಒಂದು ವಾಕ್ಯ ಪೂರ್ತಿ ಮಾತಾಡೋಕೆ ಆಗದಿದ್ದರೆ, ತುಟಿ ನೀಲಿಯಾದರೆ, ಪಂಪ್ ಒತ್ತುತ್ತಲೇ 108ಕ್ಕೆ ಫೋನ್ ಮಾಡಿ.